ಗುನ್‌ವೋರ್‌ಳ ಟ್ಯೂಬಾ

ನಾರ್ವೆಯ ಆ ಕಡಲದಂಡೆಯ ಊರಿನ ವಾದ್ಯಮೇಳದಲ್ಲಿ ಟ್ಯೂಬಾ ಎಂಬ ಭಾರಿ ಹಿತ್ತಾಳೆ ವಾದ್ಯ ಊದುವವಳು ಗುನ್‌ವೋರ್ ಒಬ್ಬಳೇ. ಸತುವಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತಳಾದವಳು. ಅಲ್ಲಿನ ಹೊಗೆ, ಬಿಡುವಿನಲ್ಲಿ ಸೇದಿದ ಸಿಗರೇಟು ಎರಡೂ ಸೇರಿ ಅವಳ ಶ್ವಾಸಕೋಶ ಕೆಡಿಸಿದ್ದವು. ಸಿಗರೇಟು ಬಿಟ್ಟಳು, ಟ್ಯೂಬಾ ಬಿಡಲಿಲ್ಲ.

ಬೆಳಿಗ್ಗೆ ಸಂಜೆ ಸ್ಟೀರಾಯ್ಡ್ ಬೆರೆತ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸುವುದನ್ನು ಅವಳು ತಪ್ಪಿಸಿದವಳಲ್ಲ. ಆದರೂ ಒಂದೇ ಚಳಿಗಾಲದಲ್ಲಿ ಎರಡು ಸಲ ನ್ಯುಮೋನಿಯಾ ಬಂತು. ಆಸ್ಪತ್ರೆಯಿಂದ ಮರಳಿದಾಗ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಮೇಳದ ನಾಯಕ ಐಲರ್ಟ್ ನೋಡಲು ಬಂದ. "ಮೇ ಹದಿನೇಳರ ರಾಷ್ಟ್ರೀಯ ದಿನದ ಮೆರವಣಿಗೆಗೆ ನಿಂಗೆ ತಾಳ ಕೊಡ್ತೀನಿ ಕಣೆ. ಹಗುರ ಇರುತ್ತೆ."

"ನಿನ್ನ ಹೆಂಡ್ತಿಗೆ ಕೊಡು. ನಿನ್ನ ತಲೆ ಮೇಲೆ ಬಾರಿಸೋಕೆ ಅನುಕೂಲ ಆಗುತ್ತೆ," ಎಂದಳು. ಅವನು ಹೋದ ಮೇಲೆ ಒಬ್ಬಳೇ ಕೂತು ಅತ್ತಳು. ಆ ವರ್ಷ ಮೆರವಣಿಗೆಯನ್ನು ರಸ್ತೆ ಬದಿಯ ಕುರ್ಚಿಯಲ್ಲಿ ಕೂತೇ ನೋಡಿದಳು.

ಡಾಕ್ಟರ್ ಸಿಗ್ನೆ ಅವಳ ರಕ್ತಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದಳು: "ಈ ಸ್ಟೀರಾಯ್ಡ್ ಕೆಲವರಿಗೆ ತುಂಬ ಒಳ್ಳೇದು. ಆದ್ರೆ ನಿಮಗಿರೋಂಥ ಕಾಯಿಲೇಲಿ ಶ್ವಾಸಕೋಶದ ಕಾವಲು ಸಡಿಲ ಆಗ್ಬಹುದು, ಸೋಂಕು ಸುಲಭವಾಗಿ ಒಳಗೆ ನುಗ್ಗುತ್ತೆ. ನಿಮ್ಮ ರಕ್ತ ನೋಡಿದ್ರೆ ನಿಮಗೆ ಅದರಿಂದ ಲಾಭ ಕಮ್ಮಿ. ಸ್ಟೀರಾಯ್ಡ್ ಬಿಟ್ಟು, ಶ್ವಾಸನಾಳ ಹಿಗ್ಗಿಸೋ ಔಷಧಿ ಮಾತ್ರ ಮುಂದುವರಿಸಿ ನೋಡೋಣ."

"ನ್ಯುಮೋನಿಯಾ ಟ್ಯೂಬಾ ಊದಿದ್ದಕ್ಕೆ ಬಂದಿದ್ದಲ್ವಾ?"

"ಅದರಿಂದ ಅಂತ ನನಗನ್ಸಲ್ಲ. ಊದಿ. ಆದ್ರೆ ಅದರ ಕೊಳವೆ ಆಗಾಗ ಚೆನ್ನಾಗಿ ತೊಳೀರಿ."

ವಿಷಯ ಕೇಳಿ ಆಸ್ತಮಾ ಇದ್ದ ಅವಳ ತಮ್ಮ ಆಸ್ಬ್ಯೋರ್ನ್, "ಹಾಗಾದ್ರೆ ನಾನೂ ಬಿಟ್ಬಿಡ್ತೀನಕ್ಕ," ಎಂದ.

"ಬಿಟ್ರೆ ಕಿವಿ ಹಿಂಡ್ತೀನಿ. ಕೇಳ್ಕೊಂಡೇ ಬಂದಿದೀನಿ, ಆಸ್ತಮಾಕ್ಕೆ ಅದು ಬೇಕೇ ಬೇಕಂತೆ."

ಮೊದಮೊದಲು ಪ್ರತಿ ಕೆಮ್ಮಿಗೂ ಮತ್ತೆ ನ್ಯುಮೋನಿಯಾ ಬಂತೇನೋ ಎಂದು ಅವಳು ಹೆದರುತ್ತಿದ್ದಳು. ಡಾಕ್ಟರ್ ಆಗಾಗ ಕರೆಸಿ ನೋಡುತ್ತಿದ್ದಳು. ಗುನ್‌ವೋರ್ ಲಸಿಕೆ ಹಾಕಿಸಿಕೊಂಡಳು, ದಿನವೂ ಚರ್ಚಿನ ಏರು ಹತ್ತಿದಳು. ಮುಂದಿನ ಚಳಿಗಾಲ ಬರೀ ನೆಗಡಿಯಲ್ಲಿ ಕಳೆಯಿತು.

ಮತ್ತೆ ಮೇ ಹದಿನೇಳು ಬಂತು. ಟ್ಯೂಬಾ ಹೆಗಲಿಗೇರಿಸಿ ಅವಳು ಮೇಳದ ಹಿಂದಿನ ಸಾಲಿನಲ್ಲಿ ನಿಂತಳು. ಏರಿನಲ್ಲಿ ಐಲರ್ಟ್ ಅವಳಿಗಾಗಿ ಲಯ ನಿಧಾನಿಸಿದ. ಅವಳು ಕಣ್ಣು ಬಿಟ್ಟು ಗದರುವಂತೆ ನೋಡಿದಳು. ಅವನು ಮತ್ತೆ ಮೊದಲಿನ ವೇಗಕ್ಕೆ ಬಂದ. ನಡುವೆ ಒಂದೆರಡು ಸ್ವರ ಬಿಟ್ಟಳು, ಉಸಿರು ತೆಗೆದುಕೊಂಡಳು, ಮತ್ತೆ ಊದಿದಳು. ಚರ್ಚಿನ ಮುಂದೆ ಕೊನೆಯ ಸ್ವರ ತುಂಬು ದನಿಯಲ್ಲಿ ಎದ್ದಾಗ ಹಳೆಯ ಕುಲುಮೆಯ ಗೆಳೆಯರು ಟೊಪ್ಪಿ ತೆಗೆದರು.

ಬಾವುಟ ಹಿಡಿದು ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ದಂಪತಿಗೆ ಆಸ್ಬ್ಯೋರ್ನ್ ಹೇಳುತ್ತಿದ್ದ: "ಆ ದೊಡ್ಡ ವಾದ್ಯ ಊದಿದ್ರಲ್ಲ, ಅವರು ನಮ್ಮಕ್ಕ."