ಕೂಗಿದವರೆಲ್ಲ ದಾರಿ ತೋರುವವರಲ್ಲ

ಬೆಳಗಿನ ಆರು ಗಂಟೆ. ಕಚೇರಿಯ ಮೂರನೇ ಮಹಡಿಯಲ್ಲಿ ಕಸ ಗುಡಿಸುವವರು ಮೇಜಿನ ಮೇಲಿನ ಕುರ್ಚಿಗಳನ್ನು ಇನ್ನೂ ಇಳಿಸಿಲ್ಲ. ಬೇಡಕ್ಕ ಆಗಲೇ ಬಂದು ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆಯೊಂದಕ್ಕೆ ತಂತಿ ಸಿಕ್ಕಿಸುತ್ತಿದ್ದಾರೆ. ಸುಳ್ಳು ಹೇಳುವುದೇ ಆ ಪೆಟ್ಟಿಗೆಯ ಕಸುಬು. "ನಾನೇ ರೂಟರ್, ಹೊರಗೆ ಹೋಗೋರೆಲ್ಲ ನನ್ನ ಮೂಲಕ ಹೋಗಿ" ಎಂದು ಅದು ನೆಟ್‌ವರ್ಕಿನಲ್ಲಿ ಸಾರುತ್ತದೆ. ಪಕ್ಕದ ಕಂಪ್ಯೂಟರು ಅದನ್ನು ನಂಬುತ್ತದೋ ಇಲ್ಲವೋ ಎಂದು ನೋಡುವುದು ಇವರ ಕಸುಬು.

ಆಪರೇಟಿಂಗ್ ಸಿಸ್ಟಮ್ ಒಂದು ಮನೆಗೆ ಬಂದ ದಿನ, ಯಾರೂ ಏನೂ ಬದಲಿಸುವ ಮೊದಲು, ಅದು ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಎನ್ನಬೇಕು? ತೀರ್ಮಾನ ಇವರದು. ಹೆಚ್ಚಾಗಿ ಉಹೂಂ. ಅದಕ್ಕೇ ಸಹೋದ್ಯೋಗಿಗಳು 'ಬೇಡಕ್ಕ' ಎಂದು ಹೆಸರಿಟ್ಟದ್ದು.

"ನೂರಕ್ಕೆ ತೊಂಬತ್ತು ಜನ ಸೆಟ್ಟಿಂಗ್ಸ್ ಮುಟ್ಟೋದೇ ಇಲ್ಲ. ನಾವು ಬಿಟ್ಟಿದ್ದೇ ಅವರ ಹಣೆಬರಹ," ಎನ್ನುತ್ತಾರೆ ಬೇಡಕ್ಕ.

ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಅವರ ವಾರಗಿತ್ತಿಯ ಮೇಜು. ಮೈದುನನ ಹೆಂಡತಿ, ಅದೇ ಸಿಸ್ಟಮ್ಮಿನ ಪರದೆಗೆ ಬಣ್ಣ, ಚಿತ್ರ ಬಿಡಿಸುವವರು. ನೆಂಟರು ಬಂದರೆ ಸಾಕು, ಅತ್ತೆ ಕಂಪ್ಯೂಟರ್ ಹಚ್ಚಿ, "ನೋಡಿ, ನಮ್ಮ ಚಿಕ್ಕ ಸೊಸೆ ಮಾಡಿದ್ದು" ಎನ್ನುತ್ತಾರೆ. ದೊಡ್ಡವಳು? "ಅವಳದು ಏನೋ ಒಳಗಡೆ ಕೆಲಸ."

"ಹೊಟ್ಟೆಕಿಚ್ಚು ಇಲ್ವಾ ಅಂತೀರಾ? ಒಂದು ಹಂಡೆ ನೀರು ಕಾಯಿಸೋಷ್ಟಿದೆ," ಎಂದು ಬೇಡಕ್ಕ ನಗುತ್ತಾರೆ. ಆ ನಗು ಕಣ್ಣಿನವರೆಗೆ ಹೋಗುವುದಿಲ್ಲ.

ಈ ಸಲದ ಆವೃತ್ತಿಗೆ ಅವರು ಹೊಸ ನಿಯಮವೊಂದನ್ನು ತಂದಿದ್ದಾರೆ: ಹೊರಹೋಗುವ ದಾರಿ ಯಾವುದೆಂದು ಬಳಸುವವರೇ ಕೈಯಾರೆ ಬರೆದುಕೊಟ್ಟಿರುವ ಕಂಪ್ಯೂಟರು ಇಂಥ ಕೂಗುಗಳಿಗೆ ಕಿವಿಗೊಡಕೂಡದು. ಆದರೆ ಅದನ್ನು ಮೊದಲು ಹಾಕಿಕೊಂಡವರಲ್ಲಿ, ನಿಜವಾದ ರೂಟರಿನ ಕೂಗನ್ನೂ ನೆಚ್ಚಿಕೊಂಡಿದ್ದ ಕೆಲವರ ಸಂಪರ್ಕವೇ ಕಡಿದು, ದೂರುಗಳು ಬಂದಿವೆ. ಮುಖ್ಯಸ್ಥರಿಗೆ ಹಳೆಯದೇ ವಾಸಿ ಎನಿಸಿದೆ. ಇಂದು ವಾರಗಿತ್ತಿಯ ಹೊಸ ಪರದೆಯ ಪ್ರದರ್ಶನ. ಅದು ಮುಗಿದೊಡನೆ ಈ ನಿಯಮದ ಅಳಿವು ಉಳಿವಿನ ತೀರ್ಮಾನ.

ಸಭಾಂಗಣ ತುಂಬಿದೆ. ದೂರದ ಶಾಖೆಗಳವರೂ ನೇರವಾಗಿ ನೋಡುತ್ತಿದ್ದಾರೆ. ಮುಖ್ಯಸ್ಥರಿಗೆ ತೋರಿಸಲೆಂದು ಬೇಡಕ್ಕ ಪೆಟ್ಟಿಗೆಯನ್ನೂ ತಂದಿದ್ದಾರೆ. ವಾರಗಿತ್ತಿಗೆ ಚಪ್ಪಾಳೆ ಬಿದ್ದಾಗ ಅವರ ಕಣ್ಣು ಅತ್ತ, ಕೈ ಇತ್ತ. ತಂತಿ ತಮ್ಮ ಪರೀಕ್ಷೆಯ ಕಂಪ್ಯೂಟರಿಗೆ ಹೋಗುವ ಬದಲು ಗೋಡೆಯಲ್ಲಿದ್ದ ಕಚೇರಿಯ ನೆಟ್‌ವರ್ಕಿಗೇ ಹೋಗಿ ಕೂರುತ್ತದೆ.

ಸಾಲುಸಾಲಾಗಿ ಸಭಿಕರ ಲ್ಯಾಪ್‌ಟಾಪುಗಳ ಸಂಪರ್ಕ ಸ್ತಬ್ಧ. ಎಲ್ಲವೂ ಆ ಸುಳ್ಳನ್ನು ನಂಬಿವೆ.

"ಏನ್ರೀ ಬೇಡಕ್ಕ," ಹಿಂದಿನ ಸಾಲಿನಿಂದ ಯಾರೋ, "ವಾರಗಿತ್ತಿ ಮೇಲಿನ ಸಿಟ್ಟು ನಮ್ಮ ಮೇಲಾ?"

ಬೇಡಕ್ಕನ ಮುಖ ಕೆಂಪೇರುತ್ತದೆ. ಸದ್ದಿಲ್ಲದೆ ತಂತಿ ಕಿತ್ತು ಕೂರಬಹುದಿತ್ತು. ಕೀಳುವುದಿಲ್ಲ.

"ಸಾರ್, ತಪ್ಪು ನನ್ನದೇ. ಆದ್ರೆ ಬೀಳದೆ ನಿಂತಿರೋದು ಯಾವುದು ನೋಡಿ."

ಪ್ರದರ್ಶನ ನಡೆಸುತ್ತಿರುವ ವೇದಿಕೆಯ ಕಂಪ್ಯೂಟರು ಮಾತ್ರ ಅಲುಗಿಲ್ಲ; ಹೊಸ ಆವೃತ್ತಿ ಹಾಕಿ, ದಾರಿಯನ್ನು ಕೈಯಾರೆ ಬರೆದಿರುವುದು ಅದೊಂದರಲ್ಲೇ. ಅದರ ಪರದೆಯಲ್ಲಿ ಶಾಖೆಗಳವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದಾರೆ.

"ಅದು ಇವರದ್ದಲ್ವಾ?" ಮುಖ್ಯಸ್ಥರು ವಾರಗಿತ್ತಿಯತ್ತ ನೋಡುತ್ತಾರೆ.

"ಮುಖ ಅವಳದ್ದು ಸಾರ್. ಕಿವಿ ನನ್ನದು."

ಮುಖ್ಯಸ್ಥರು ಸತ್ತ ಲ್ಯಾಪ್‌ಟಾಪುಗಳನ್ನೊಮ್ಮೆ, ವೇದಿಕೆಯನ್ನೊಮ್ಮೆ ನೋಡುತ್ತಾರೆ. "ನಿಯಮ ಇರಲಿ. ಬೇಕಾದೋರು ಹೂಂ ಅಂತ ಬದಲಿಸೋದು ಹೇಗೆ ಅಂತ ದೂರು ಕೊಟ್ಟೋರಿಗೆ ನೀವೇ ತಿಳಿಸಿ. ಈಗ ಆ ತಂತಿ ಕೀಳಿ, ತಾಯೀ."

ಹೂಗುಚ್ಛ ವಾರಗಿತ್ತಿಗೇ ಹೋಗುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ ಬೇಡಕ್ಕ ತಂತಿ ಸುತ್ತುತ್ತಲೇ ಹೇಳುತ್ತಾರೆ:

"ದೊಡ್ಡದೇನಿಲ್ಲ. ಒಂದೇ ಒಂದು ಸಲ ನನ್ನ ಕೆಲಸ ನೋಡಿ ಅವಳ ಹೊಟ್ಟೆ ಉರೀಬೇಕು."