ಎಂಗೇಜ್ ಇದ್ದ ಒಂದು ತಾಸು

2001ರ ಜೂನ್ ತಿಂಗಳು. ತೆಲಂಗಾಣ ಆಗಿನ್ನೂ ಬೇರೆ ರಾಜ್ಯವಾಗಿರಲಿಲ್ಲ. ಹೈದರಾಬಾದಿನ ಬಾಲಾನಗರದಲ್ಲಿ, ಕಾರ್ಖಾನೆಗಳ ಹಿಂದಿನ ಒಂದು ಗಲ್ಲಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಗೃಹಿಣಿಯಾಗಿದ್ದೆ. ವೃತ್ತಿಯ ಅನುಭವ ಬರೆಯುವವರು ಮೊದಲು ಹುದ್ದೆ ಹೇಳಿಕೊಳ್ಳುತ್ತಾರೆ. ನನ್ನ ಹುದ್ದೆ ಇಷ್ಟೇ. ಆದರೆ ಯಾರೂ ಆದೇಶ ಕೊಡದೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಗಲ್ಲಿಯ ಹದಿನಾಲ್ಕು ಮನೆಗಳ ನಡುವೆ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸ್ವಂತ ಫೋನ್ ಇಲ್ಲದವರು ನೆರೆಯವರ ನಂಬರು ಕೊಟ್ಟು, ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುವ ರೂಢಿ ಆಗ ಇತ್ತು. ನಮ್ಮ ನಂಬರು ಎಷ್ಟು ಜನರ ಪಿ.ಪಿ. ನಂಬರಾಗಿತ್ತೋ ನನಗೇ ಗೊತ್ತಿರಲಿಲ್ಲ. ಫೋನ್ ರಿಂಗಾದರೆ ಒಲೆ ಸಣ್ಣದು ಮಾಡಿ ಓಡಿಹೋಗಿ ಬೇಕಾದವರನ್ನು ಕರೆತರುತ್ತಿದ್ದೆ. ಇದೂ ಒಂದು ಸೇವೆ, ದೇವರು ಕಾಲು ಗಟ್ಟಿ ಇಟ್ಟಿದ್ದಾನಲ್ಲ ಎಂದುಕೊಳ್ಳುತ್ತಿದ್ದೆ.

ಆ ವರ್ಷ ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕಿದರು. ಒಂದನ್ನು ಅವರು ಆಟೋದಲ್ಲಿ ಮನೆಗೆ ತಂದರು. ಇಂಟರ್ನೆಟ್ ಬೇಕೆಂದು ಹಟ ಹಿಡಿದವಳು ನಾನು. ಊರ ಕಡೆಯವರೊಬ್ಬರು ನಮ್ಮ ಮನೆದೇವರು ವೀರಭದ್ರನ ಫೋಟೋ ಇಂಟರ್ನೆಟ್ಟಿಗೆ ಹಾಕಿದ್ದಾರೆಂದು ಸುದ್ದಿ ಬಂದಿತ್ತು. ನಾನು ಊರಿಗೆ ಹೋಗಿ ಆರು ವರ್ಷವಾಗಿತ್ತು. ಅಬಿಡ್ಸ್ ಪೇಟೆಯಿಂದ ಒಂದು ಮೋಡೆಮ್ ತರಿಸಿದೆ. ಮೋಡೆಮ್ ಎಂದರೆ ಕಂಪ್ಯೂಟರಿನ ಮಾತನ್ನು ಫೋನಿನ ತಂತಿಯಲ್ಲಿ ಹೋಗುವಂಥ ಸದ್ದಾಗಿ ಮಾರ್ಪಡಿಸುವ ಸಣ್ಣ ಡಬ್ಬಿ. ಫೋನಿನಿಂದ ತಂತಿ ಕಿತ್ತು ಅದಕ್ಕೆ ಹಾಕಬೇಕು. ಅದು ಮಾತಾಡುತ್ತಿರುವಷ್ಟು ಹೊತ್ತು ಹೊರಗಿನಿಂದ ಯಾರು ಫೋನ್ ಮಾಡಿದರೂ ಎಂಗೇಜ್ ಸದ್ದೇ ಕೇಳಿಸುತ್ತದೆ.

ಕಾರ್ಖಾನೆಗೆ ಸೋಮವಾರ ರಜೆ. ಅಂದು ಮುಂಜಾನೆ ಏಳಕ್ಕೆ ನಾನು ಪೂಜೆ ಮುಗಿಸುವಾಗ ಮಲ್ಲಮ್ಮ ಬಾಗಿಲಿಗೆ ಬಂದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಗಂಡನೊಂದಿಗೆ ಬಂದು ಗಲ್ಲಿಯ ಕೊನೆಯ ಶೆಡ್ಡಿನಲ್ಲಿದ್ದಳು. ಮಗಳು ರೇಣುಕಾ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಐದನೇ ತರಗತಿ ಮುಗಿಸಿ, ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು, ರಜೆಗೆಂದು ತಾಯಿಯ ಬಳಿ ಬಂದಿದ್ದಳು.

“ಅಕ್ಕಾರ, ಇವತ್ತ ಸಾಲ್ಯಾಗ ಪಟ್ಟಿ ಹಚ್ತಾರಂತ್ರಿ. ಹೆಸರ ಇದ್ರ ನಮ್ಮ ತಮ್ಮ ಮಧ್ಯಾಹ್ನ ಫೋನ್ ಮಾಡ್ತಾನ. ಬರ್ಲಿಲ್ಲಂದ್ರ ಹೆಸರಿಲ್ಲ ಅಂತ ತಿಳ್ಕೋ ಅಂದಾನ. ಉಣ್ಣಾಕ ಬಿಟ್ಟಾಗ ಬಂದು ಕೂಡ್ತೀನ್ರಿ.”

“ಬಾರವ್ವ. ದೇವರದಾನ,” ಎಂದೆ.

ಹತ್ತು ಗಂಟೆಗೆ ಯಜಮಾನರು ಕಂಪ್ಯೂಟರಿನ ಮುಂದೆ ಕುಳಿತರು. ‘ಡಯಲ್ ಟೋನ್ ಇಲ್ಲ’ ಎಂಬ ಸಂದೇಶ ಮತ್ತೆ ಮತ್ತೆ ಬಂತು. ಅವರು ಮೋಡೆಮ್ಮಿನ ತಲೆಗೆ ಎರಡು ಬಿಗಿದರು.

“ಅದೇನ ನಿಮ್ಮ ಕಾರ್ಖಾನಿ ಲೇಥ್ ಮಷಿನ್ ಅಲ್ರಿ, ಗುದ್ದಬ್ಯಾಡ್ರಿ,” ಎಂದೆ.

“ಹಂಗಾದ್ರ ಪಿಯುಸಿ ಪಾಸಾದಾಕಿ ನೀನ ಬಾ,” ಎಂದು ಎದ್ದರು.

ಮೋಡೆಮ್ ಜೊತೆ ಬಂದ ಹಾಳೆಯನ್ನು ಬೆರಳಿಟ್ಟು ಓದಿದೆ. ಡಯಲ್ ಟೋನಿಗಾಗಿ ಕಾಯಬೇಕೇ ಎಂದು ಕೇಳುವ ಒಂದು ಚೌಕವಿತ್ತು. ಅದರೊಳಗಿನ ಗುರುತು ತೆಗೆದೆ. ನಂಬರು ಹೋಯಿತು, ಆದರೆ ಪಾಸ್‌ವರ್ಡ್ ತಪ್ಪೆಂದಿತು. ನೋಡಿದರೆ ಯಜಮಾನರು ಎಲ್ಲವನ್ನೂ ದೊಡ್ಡಕ್ಷರದಲ್ಲಿ ಒತ್ತಿದ್ದರು. ಸಣ್ಣಕ್ಷರದಲ್ಲಿ ಹಾಕಿದೆ. ಮೋಡೆಮ್ ಕೀಚಲು ದನಿಯಲ್ಲಿ ಕೂಗಿ ಸುಮ್ಮನಾಯಿತು, ಕನೆಕ್ಷನ್ ಸಿಕ್ಕಿತೆಂದು ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ ಮಿನುಗಿತು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಆ ಹೊತ್ತಿನ ನನ್ನ ಹೆಮ್ಮೆಯನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

“ನೋಡ ಮತ್ತ, ಮಲ್ಲಮ್ಮಗ ಫೋನ್ ಬರೂದೈತಿ ಅಂದಿದ್ದಿ. ಇದು ನಡದಾಗ ಬರಂಗಿಲ್ಲ,” ಎಂದು ಹೇಳಿ ಯಜಮಾನರು ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದರು.

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹತ್ತು ನಿಮಿಷ, ಆಮೇಲೆ ತೆಗೆದುಬಿಡುತ್ತೇನೆ ಎಂದುಕೊಂಡೆ.

ಆಗಿನ ಇಂಟರ್ನೆಟ್ಟಿನಲ್ಲಿ ಫೋಟೋ ಒಮ್ಮೆಲೇ ಬರುತ್ತಿರಲಿಲ್ಲ; ಮೇಲಿನಿಂದ ಬೆರಳಗಲದ ಪಟ್ಟಿಯಂತೆ ಇಳಿಯುತ್ತಿತ್ತು. ಮೊದಲು ಕಿರೀಟದ ತುದಿ ಬಂತು. ಬಹಳ ಹೊತ್ತಾದ ಮೇಲೆ ಹಣೆಯ ವಿಭೂತಿ ಕಂಡಿತು. ಅಷ್ಟರಲ್ಲಿ ಮಲ್ಲಮ್ಮ ಬುತ್ತಿಯ ಗಂಟು ಹಿಡಿದು ಬಂದು ಹೊಸ್ತಿಲ ಬಳಿ ಕುಳಿತಳು.

“ಬಂತೇನ್ರಿ ಅಕ್ಕಾರ?”

“ಇನ್ನೂ ಬಂದಿಲ್ಲವ್ವ.”

ಅದು ಸುಳ್ಳಲ್ಲ, ಸುಳ್ಳಲ್ಲದ್ದರಿಂದಲೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ವೀರಭದ್ರನ ಕಣ್ಣು ಅರ್ಧ ಕಾಣುವಾಗ ಕನೆಕ್ಷನ್ ಕಡಿಯಿತು. ತಂತಿಯನ್ನು ಫೋನಿಗೆ ಹಾಕುವ ಹೊತ್ತು ಅದಾಗಿತ್ತು. ಮಲ್ಲಮ್ಮ ನನ್ನ ಬೆನ್ನ ಹಿಂದೆ ರೊಟ್ಟಿ ಮುರಿಯುತ್ತಿದ್ದಳು. ನಾನು ಮತ್ತೆ ‘ಕನೆಕ್ಟ್’ ಒತ್ತಿದೆ. ಕಿರೀಟ ಮತ್ತೆ ಮೊದಲಿನಿಂದ ಇಳಿಯತೊಡಗಿತು. ದೇವರ ದರ್ಶನವನ್ನು ಅರ್ಧಕ್ಕೆ ಬಿಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ಆ ಕಾರಣವೂ ಎಷ್ಟು ಸಲೀಸಾಗಿ ಸಿಕ್ಕಿತು ನೋಡಿ.

ಕಣ್ಣು, ಮೀಸೆ ಮೂಡಿದಾಗ ಅವಳನ್ನು ಒಳಗೆ ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಪರದೆಗೆ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. “ಭಾಳ ಚಂದ ಅದಾನ್ರಿ,” ಎಂದಳು. ಇನ್ನೊಮ್ಮೆ ಫೋನಿನ ಕಡೆ ನೋಡಿ, “ಮೇಸ್ತ್ರಿ ಒದರತಾನ, ಹೊಕ್ಕೀನಿ,” ಎಂದು ಹನ್ನೆರಡು ಮುಕ್ಕಾಲಿಗೆ ಎದ್ದು ಹೋದಳು. ವೀರಭದ್ರನ ಪಾದ ಮೂಡಿದಾಗ ಒಂದು ದಾಟಿತ್ತು. ಆಮೇಲೆ ತಂತಿಯನ್ನು ಫೋನಿಗೆ ಹಾಕಿದೆ. ಅಂದು ಅದು ಒಮ್ಮೆಯೂ ರಿಂಗಾಗಲಿಲ್ಲ. ಸಂಜೆ ಮಲ್ಲಮ್ಮ ಬಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. “ಹೆಸರಿಲ್ಲ ಅಂತಾತು. ಪಾಪ, ಓದಿದ್ಲು,” ಎಂದು ಹೋದಳು.

ಶುಕ್ರವಾರ ಅವಳು ಒಂದು ಇನ್‌ಲ್ಯಾಂಡ್ ಪತ್ರ ತಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಗಲ್ಲಿಯ ಕನ್ನಡ ಪತ್ರಗಳನ್ನು ಓದಿಹೇಳುವುದೂ ನನ್ನ ಕೆಲಸವೇ. ತಮ್ಮ ಬರೆದಿದ್ದ: ರೇಣುಕಾಳ ಹೆಸರು ಪಟ್ಟಿಯಲ್ಲಿ ಬಂದಿದೆ. ಮಂಗಳವಾರ ಸಂಜೆ ಐದರೊಳಗೆ ಹುಡುಗಿ ಬಂದು ಹಾಜರಾಗಬೇಕಿತ್ತು. ತಾಲೂಕಿನ ಬೂತಿನಿಂದ ಒಂದು ತಾಸು ಫೋನ್ ಹಚ್ಚಿದೆ, ಬರೀ ಎಂಗೇಜ್ ಬಂತು. ಒಂದು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ, ಹೊರಟುಬಂದೆ. ಸೀಟನ್ನು ಮುಂದಿನ ಹೆಸರಿನವರಿಗೆ ಕೊಟ್ಟರು.

ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ‘ಒಂದು ತಾಸು ಫೋನ್ ಹಚ್ಚಿದೆ, ಬರೀ ಎಂಗೇಜ್ ಬಂತು’ ಎಂಬ ಸಾಲು ಬಂದಾಗ ಮಾತ್ರ, “ಫೋನ್ ಹಚ್ಚಿದೆ, ಸಿಗಲಿಲ್ಲ” ಎಂದು ಓದಿ ಮುಂದೆ ಹೋದೆ.

ಮಲ್ಲಮ್ಮ ಗೋಡೆಗೆ ಒರಗಿದಳು. “ಸುಳ್ಳ ಬರದಾನ್ರಿ ಅಂವ. ನಾವಿಬ್ರೂ ಇಲ್ಲೇ ಕುಂತಿದ್ವಲ್ಲ. ಬೂತಿನ ತನಕ ಹೋಗೇ ಇಲ್ಲ ಅಂವ. ಇನ್ನ ಅವನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ.”

ಆಗಲಾದರೂ ಹೇಳಬೇಕಿತ್ತು. ಕುಡಿಯಲು ನೀರು ಕೊಟ್ಟೆ.

ಮರುದಿನ ಮುಂಜಾನೆ ತಾಯಿ ಮಗಳು ಇಬ್ಬರೂ ಬಂದರು. ಪತ್ರ ರೇಣುಕಾಳ ಕೈಯಲ್ಲಿತ್ತು. ಪರೀಕ್ಷೆ ಪಾಸಾದ ಹುಡುಗಿಗೆ ಓದಲು ಬರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

“ಅಮ್ಮಾರ, ಎಂಗೇಜ್ ಅಂದ್ರ ಏನ್ರಿ? ಮಾಮಾ ಬರದಾನ,” ಎಂದಳು.

“ನಿನ್ನೆ ನೀವು ಓದಿದಾಗ ಈ ಮಾತ ಕೇಳಿದ ನೆನಪಿಲ್ಲ ನನಗ,” ಎಂದಳು ಮಲ್ಲಮ್ಮ. ದನಿಯಲ್ಲಿ ನನ್ನ ಮೇಲೆ ಸಂಶಯವಿರಲಿಲ್ಲ, ತನ್ನ ನೆನಪಿನ ಮೇಲೇ ಅನುಮಾನಪಡುತ್ತಿದ್ದಳು.

ಲೈನ್ ಕೆಟ್ಟಿತ್ತು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಎಂಗೇಜ್ ಅಂದ್ರ ಈ ಕಡೆ ಯಾರೋ ಲೈನ್ ಹಿಡದಾರ ಅಂತವ್ವ. ಹಿಡದಾಕಿ ನಾನ. ಆ ಫೋಟೋ ಬರೂದು ಫೋನಿನ ತಂತಿಯಾಗ. ನನಗ ಗೊತ್ತಿತ್ತು. ನಿಮ್ಮ ಮಾಮಾ ಸುಳ್ಳ ಬರದಿಲ್ಲ.”

ಮಲ್ಲಮ್ಮ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕಂಪ್ಯೂಟರಿನ ಕಡೆ ನೋಡಿ ಕೇಳಿದಳು: “ಅವತ್ತ ಆ ಫೋಟೋಕ್ಕ ಕೈ ಮುಗದು ನಾ ಏನ ಬೇಡ್ಕೊಂಡೆ ಗೊತ್ತೇನ್ರಿ ಅಕ್ಕಾರ? ಫೋನ್ ಬರ್ಲಪ್ಪಾ ಅಂತ ಬೇಡ್ಕೊಂಡೆ.”

ನಾನೂ ಯಜಮಾನರೂ ಅಂದೇ ಬಸ್ಸು ಹಿಡಿದು ಆ ಶಾಲೆಗೆ ಹೋಗಿ ಬೇಡಿಕೊಂಡೆವು. ಅಲ್ಲಿನವರು ಮರ್ಯಾದೆಯಿಂದಲೇ ಮಾತನಾಡಿಸಿ, ಇನ್ನೊಬ್ಬ ಹುಡುಗಿ ಆಗಲೇ ಹಾಸಿಗೆ ಹಾಸಿಕೊಂಡಿದ್ದಾಳೆ, ಅವಳನ್ನು ಎಬ್ಬಿಸಲೇ ಎಂದು ಕೇಳಿದರು. ಕೈ ಮುಗಿದು ಹಿಂದಿರುಗಿದೆವು. ಊರಿನ ಶಾಲೆ ಐದನೇ ತರಗತಿಗೇ ಮುಗಿಯುತ್ತಿದ್ದರಿಂದ ರೇಣುಕಾ ಬಾಲಾನಗರದ ಶಾಲೆಯಲ್ಲಿ ತೆಲುಗು ಅಕ್ಷರ ಕಲಿಯಲು ಮೂರನೇ ತರಗತಿಯ ಮಕ್ಕಳ ನಡುವೆ ಕುಳಿತಳು. ಎರಡು ವರ್ಷ ಕುಳಿತು, ಆಮೇಲೆ ತಾಯಿಯ ಜೊತೆ ಇಟ್ಟಿಗೆ ಹೊರಲು ಹೋದಳು. ಮಲ್ಲಮ್ಮ ತಮ್ಮನ ಜೊತೆ ಮಾತು ಬಿಡಲಿಲ್ಲ. ಅಷ್ಟನ್ನು ದೇವರು ಉಳಿಸಿಕೊಟ್ಟ. ನನ್ನನ್ನು ಕಂಡರೆ ಕೊನೆಯವರೆಗೂ ‘ಅಕ್ಕಾರ’ ಎಂದೇ ಕರೆದಳು. ಆದರೆ ಊರಿನವರಿಗೆ ಗಲ್ಲಿಯಾಚೆಯ ಕಿರಾಣಿ ಅಂಗಡಿಯ ನಂಬರು ಕೊಟ್ಟಳು.

ಮನೆಗೆಲಸದಲ್ಲಿ ಬಡ್ತಿಯಿಲ್ಲ, ನಿವೃತ್ತಿಯಿಲ್ಲ. ತಪ್ಪು ಮಾಡಿದರೆ ನೋಟಿಸು ಕೊಡುವ ಮೇಲಧಿಕಾರಿಯೂ ಇಲ್ಲ. ನನ್ನ ಪಾಲಿಗೆ ಆ ನೋಟಿಸು ಕೊಟ್ಟವಳು ಹತ್ತು ವರ್ಷದ ಹುಡುಗಿ, ಅದೂ ಒಂದು ಪ್ರಶ್ನೆಯಾಗಿ. ಅವಳು ಕೇಳದಿದ್ದರೆ ನಾನು ಹೇಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಒಬ್ಬರು ನಮ್ಮ ನಂಬರನ್ನು ತಮ್ಮದೆಂದು ಬರೆದುಕೊಟ್ಟ ಮೇಲೆ ಆ ಫೋನು ನಮ್ಮೊಬ್ಬರದೇ ಅಲ್ಲ. ಬಿಲ್ಲು ಯಾರೇ ಕಟ್ಟಲಿ. ಬಾಗಿಲಲ್ಲಿ ಒಬ್ಬರನ್ನು ಕಾಯಿಸಿ ಮಾಡುವ ದರ್ಶನ ದರ್ಶನವಲ್ಲ. ಇದನ್ನು ನಾನು ಕಲಿತೆ. ಆ ಪಾಠಕ್ಕೆ ಬೆಲೆಯಾಗಿ ಹೋದದ್ದು ನನ್ನದೇನೂ ಅಲ್ಲ, ಇನ್ನೊಬ್ಬಳ ಮಗಳ ಶಾಲೆ.