ಅಮ್ಮ ಕಾಶಿಯಲ್ಲಿ ಬಿಟ್ಟು ಬಂದದ್ದು

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಯಾರಾಗಿ ಕೂರುವವಳು ನನ್ನ ಅಮ್ಮ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಪ್ಪಲಿ ಕೂಡ ಮೆಟ್ಟಿಕೊಂಡು, ಜಗುಲಿಯ ಮೇಲೆ ಕೂತು ಒಳಗಿರುವ ನಮ್ಮನ್ನು ಕೂಗುತ್ತಿರುತ್ತಾಳೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಈಗ ಹೋಟೆಲುಗಳಿಗೆ ಲೆಕ್ಕವಿಲ್ಲ. ವಾರಕ್ಕೊಂದು ಹೋಟೆಲು, ವಾರಕ್ಕೊಂದು ತಿಂಡಿ ಎಂದು ನನ್ನ ಗಂಡ ಶುರು ಮಾಡಿದ ಪದ್ಧತಿ ಇದು. ಆದರೆ ಅದರ ಯಜಮಾನಿಕೆ ಬಹಳ ಬೇಗ ಅಮ್ಮನ ಕೈಗೆ ಹೋಯಿತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅದು ಸಿಹಿಗೆ ಸಂಬಂಧಪಟ್ಟದ್ದು, ಮಸಾಲೆ ದೋಸೆಗೂ ಅದಕ್ಕೂ ಏನೂ ಇಲ್ಲ ಎಂಬುದು ಅವಳ ವಾದ. ದೋಸೆ ಬಂದ ಕೂಡಲೇ ಮೊದಲು ಅಂಚು ಮುರಿದು ಕಿವಿಯ ಹತ್ತಿರ ಹಿಡಿಯುತ್ತಾಳೆ. ಸದ್ದು ಬರದಿದ್ದರೆ ಬಡಿಸುವವನಿಗೆ ಕಾದಿದೆ. "ಏನಪ್ಪಾ, ಇದನ್ನ ಹೆಂಚಿನ ಮೇಲೆ ಹಾಕಿದ್ರಾ, ಬಿಸಿಲಲ್ಲಿ ಒಣಗಿಸಿದ್ರಾ?" ಎನ್ನುತ್ತಾಳೆ. ಅವನು ನಗುತ್ತಾ ಇನ್ನೊಂದು ಬಟ್ಟಲು ಚಟ್ನಿ ತಂದಿಡುತ್ತಾನೆ. ನನಗೆ ನಾಚಿಕೆಯಾಗುತ್ತದೆ, ಹೊಟ್ಟೆ ತುಂಬ ನಗುವೂ ಬರುತ್ತದೆ.

ಅಂಥದ್ದೇ ಒಂದು ಭಾನುವಾರ, ಹೋಟೆಲಿನ ಗಲ್ಲಾದ ಪಕ್ಕ ಗಾಜಿನ ಭರಣಿಗಳಲ್ಲಿ ರಾಗಿ ಕುಕ್ಕೀಸು, ಜೋಳದ ಕುಕ್ಕೀಸು, ಓಟ್ಸ್ ಲಡ್ಡು ಎಲ್ಲವನ್ನೂ ಜೋಡಿಸಿಟ್ಟಿದ್ದರು. ಸಕ್ಕರೆ ಇಲ್ಲ, ಆರೋಗ್ಯಕ್ಕೆ ಒಳ್ಳೆಯದು ಎಂದು ಬರೆದಿತ್ತು. ಪಾಪ, ಅಮ್ಮನಿಗೂ ಏನಾದರೂ ಸಿಹಿ ಸಿಕ್ಕಂತಾಯಿತು ಎಂದು ಒಂದು ಪೊಟ್ಟಣ ಕೊಂಡೆ. ಅಮ್ಮ ಕಾರಿನಲ್ಲಿ ಒಂದನ್ನು ಕಚ್ಚಿ ಬಹಳ ಹೊತ್ತು ಅಗಿದಳು.

"ಹಸುಗೆ ಹಿಂಡಿ ಕಲಸಿದಂಗೈತೆ. ಅದಾದ್ರೂ ಹಾಲು ಕೊಡ್ತದೆ, ನಾನೇನು ಕೊಡ್ಲಿ?" ಎಂದಳು. ನನ್ನ ಗಂಡ ನಗು ತಡೆಯಲಾರದೆ ಗಾಡಿ ನಿಧಾನ ಮಾಡಿದರು. ಆಮೇಲೆ ಅಮ್ಮ ಕಿಟಕಿಯ ಕಡೆ ತಿರುಗಿ, "ನಮ್ಮ ಬೆಣ್ಣೆ ಬಿಸ್ಕತ್ತು ಇನ್ನೊಂದ್ಸಲ ತಿನ್ಬೇಕು ಕಣೆ" ಎಂದಳು.

ಅಮ್ಮ ಏನನ್ನೂ ಕೇಳುವವಳಲ್ಲ. ಬೈಯುತ್ತಾಳೆ, ಅಣಕಿಸುತ್ತಾಳೆ, ಆದರೆ ನನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಅದಕ್ಕೇ ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೆಗೆ ಒಂದು ಬೇಕರಿ ಇತ್ತು. ಅಲ್ಲಿ ಇಟ್ಟಿಗೆಯ ದೊಡ್ಡ ಸೌದೆ ಒಲೆ. ಬೆಳಗಿನ ಬ್ರೆಡ್ಡು, ಬನ್ನು ಎಲ್ಲ ಬೆಂದು ಹೊರಗೆ ಬಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಅದರ ಬೆಂಕಿ ತೆಗೆದಿರುತ್ತಿದ್ದರು. ಆಗ ಮನೆಗಳವರು ತಮ್ಮ ತಮ್ಮ ಬಿಸ್ಕತ್ತಿನ ಹಿಟ್ಟು ಕಲಸಿ ತಂದರೆ, ತಟ್ಟೆಗಳಲ್ಲಿ ಜೋಡಿಸಿ ಬೇಯಿಸಿ ಕೊಡುತ್ತಿದ್ದರು. ಹಬ್ಬ ಹತ್ತಿರ ಬಂತೆಂದರೆ ಮಗ್ಗದ ಮನೆಗಳ ಹೆಂಗಸರೆಲ್ಲ ಪಾತ್ರೆ ಹಿಡಿದು ಅಲ್ಲಿ ಸಾಲು ನಿಲ್ಲುವರು. ನಮ್ಮದು ಮನೆಯ ಎಮ್ಮೆಯ ಬೆಣ್ಣೆ. ಅಮ್ಮ ಅದನ್ನು ಪುಡಿ ಸಕ್ಕರೆಯ ಜೊತೆ ಅಂಗೈಯಲ್ಲಿ ಉಜ್ಜಿ ಉಜ್ಜಿ ನೊರೆಯ ಹಾಗೆ ಮಾಡಿ, ಮೈದಾ, ಒಂದು ಹಿಡಿ ಚಿರೋಟಿ ರವೆ, ಏಲಕ್ಕಿ ಹಾಕಿ ಕಲಸುವಳು. ಬೆಂದು ಬಂದ ಬಿಸ್ಕತ್ತು ಬಾಯಿಗಿಟ್ಟರೆ ಕರಗುತ್ತಿತ್ತು, ಆದರೂ ಎಲ್ಲೋ ಒಂದು ಕಡೆ ಮರಳು ಮರಳಾಗಿ ಹಲ್ಲಿಗೆ ಸಿಗುತ್ತಿತ್ತು. ಬೇಕರಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ನಾನು ಒಂದು ಓವನ್ ತಂದೆ. ಅಡುಗೆಯಲ್ಲಿ ನನಗೆ ಸ್ವಲ್ಪ ಜಂಬವಿದೆ, ಎರಡು ಸಲದಲ್ಲಿ ಹಿಡಿದುಬಿಡುತ್ತೇನೆ ಎಂದುಕೊಂಡಿದ್ದೆ. ಅಮ್ಮನ ಮಣಿಕಟ್ಟಿನಲ್ಲಿ ಈಗ ಬಲವಿಲ್ಲ, ಹಿಟ್ಟು ನಾದಲಾರಳು. ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದಳು, ನಾನು ಮಾಡಿದೆ. ಕಾಯಿಲೆಯ ಭಯಕ್ಕೆ ಮೊದಲು ಅರ್ಧಕ್ಕರ್ಧ ರಾಗಿ ಹಿಟ್ಟು, ಸಕ್ಕರೆಯ ಬದಲು ಬೆಲ್ಲ ಹಾಕಿ ನೋಡಿದೆ. "ರಾಗಿ ಮುದ್ದೆಗಿರ್ಲಿ ಬಿಡು" ಎಂದಳು. ಡಾಕ್ಟರನ್ನು ಕೇಳಿದೆ. ಅಪರೂಪಕ್ಕೆ ಚಿಕ್ಕದೊಂದು ತಿಂದರೆ ಏನೂ ಆಗುವುದಿಲ್ಲ ಎಂದರು. ಆಮೇಲೆ ಹಳೆಯ ರೀತಿಯಲ್ಲೇ ಮಾಡಿದೆ. ಬೆಣ್ಣೆ ಬದಲಾಯಿಸಿದೆ, ಅನುಗೊಂಡನಹಳ್ಳಿಯ ಕಡೆಯಿಂದ ನೆಂಟರ ಕೈಲಿ ಎಮ್ಮೆ ಬೆಣ್ಣೆ ತರಿಸಿದೆ. ಪ್ರತಿ ಸಲವೂ ಅಮ್ಮ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಳ್ಳುವಳು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದೆ.

"ಚೆನ್ನಾಗೈತೆ. ಆದ್ರೆ ಅದಲ್ಲ" ಎನ್ನುವಳು.

ನನ್ನ ಗಂಡನಿಗಾಗಲಿ ಮಗಳಿಗಾಗಲಿ ಕೊಟ್ಟರೆ ಎಲ್ಲವೂ ಚೆನ್ನಾಗಿದೆ ಎನ್ನುವವರೇ. ಅವರು ಆ ಬಿಸ್ಕತ್ತನ್ನು ಕಂಡವರಲ್ಲ. ನನಗೆ ನೆನಪಿದೆ, ಆದರೆ ಮಗುವಿನ ನಾಲಿಗೆಯ ನೆನಪನ್ನು ಎಷ್ಟು ನಂಬುವುದು? ಇದೇ ಅದು ಎಂದು ಹೇಳಬಲ್ಲವಳು ಅಮ್ಮ ಒಬ್ಬಳೇ. ಅವಳ ಬಾಯಿಂದ ಆ ಮಾತು ಕೇಳಬೇಕು ಎಂಬುದು ಬರಬರುತ್ತಾ ನನಗೆ ಹಟವೇ ಆಗಿಹೋಯಿತು.

ಈ ನಡುವೆ ನಮ್ಮ ಬೀದಿಯ ಹೆಂಗಸರು ಸೇರಿ ಕಾಶಿ ಯಾತ್ರೆಗೆ ಹೊರಟರು, ಅಮ್ಮನೂ ಹೆಸರು ಕೊಟ್ಟಳು. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ, ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಆಯುಸ್ಸು ಇರುವವರೆಗೂ ಅದನ್ನು ಮುಟ್ಟಬಾರದು. ಹೆಚ್ಚಿನವರು ಜಾಣರು, ಹೇಗೂ ತಿನ್ನದ ಯಾವುದೋ ಕಾಯಿಯನ್ನು ಬಿಟ್ಟು ಬರುತ್ತಾರೆ. ನನ್ನ ಗಂಡ ಅದನ್ನೇ ಹೇಳಿಕೊಟ್ಟರು.

"ಅತ್ತೆ, ಸುಮ್ನೆ ಹಾಗಲಕಾಯಿ ಬಿಟ್ಟು ಬಂದ್ಬಿಡಿ."

"ಬೇಡದ್ದನ್ನ ಬಿಟ್ರೆ ವಿಶ್ವನಾಥಂಗೆ ಗೊತ್ತಾಗಲ್ವಾ? ಅವನೇನು ನಿಮ್ಮ ಆಫೀಸ್ನೋನಾ?" ಎಂದಳು ಅಮ್ಮ.

ಎಲ್ಲಿ ಮಸಾಲೆ ದೋಸೆ ಬಿಟ್ಟು ಬಂದು ನಮ್ಮ ಭಾನುವಾರಗಳಿಗೆ ಕಲ್ಲು ಹಾಕುತ್ತಾಳೋ ಎಂದು ನನಗೆ ಅದೊಂದೇ ಹೆದರಿಕೆ. ಬೇರೆ ಯಾವುದೂ ಹೊಳೆಯಲಿಲ್ಲ.

ಅಮ್ಮ ಊರಿನಲ್ಲಿಲ್ಲದ ಆ ದಿನಗಳಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಬೇಕರಿಯ ಒಲೆ ನೆನಪಾಯಿತು. ನಮ್ಮ ಬಿಸ್ಕತ್ತು ಉರಿಯಲ್ಲಿ ಬೆಂದದ್ದೇ ಅಲ್ಲ, ಬೆಂಕಿ ತೆಗೆದ ಮೇಲೆ ಇಟ್ಟಿಗೆಯಲ್ಲಿ ಉಳಿದ ಕಾವಿನಲ್ಲಿ ಬೆಂದದ್ದು. ಹಿಟ್ಟು ಅಮ್ಮನದು, ಕಾವು ಬೇಕರಿಯವರದು. ಅಮ್ಮನಿಗೆ ಅವಳ ಅರ್ಧ ಮಾತ್ರ ಗೊತ್ತಿತ್ತು, ನಾನು ಆ ಅರ್ಧವನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದೆ. ಹಿತ್ತಲಿನಿಂದ ಇಟ್ಟಿಗೆಗಳನ್ನು ತಂದು ತೊಳೆದು ಒಣಗಿಸಿ ಓವನ್ನಿನಲ್ಲಿಟ್ಟು ಚೆನ್ನಾಗಿ ಕಾಯಿಸಿದೆ. ಆಮೇಲೆ ಸ್ವಿಚ್ ಆರಿಸಿ, ತಟ್ಟೆ ಒಳಗಿಟ್ಟು ಬಾಗಿಲು ಮುಚ್ಚಿ ಆಚೆ ಬಂದುಬಿಟ್ಟೆ. ತೆಗೆದು ತಿಂದಾಗ ಮೈ ಜುಮ್ಮೆಂದಿತು. ಅದೇ ಎಂದು ನನಗೆ ಅನ್ನಿಸಿತು. ಆದರೆ ನನಗೆ ಅನ್ನಿಸಿದರೆ ಆಯಿತೇ? ಅಮ್ಮ ಬರುವ ದಿನ ಎದ್ದು ಮತ್ತೆ ಹೊಸದಾಗಿ ಮಾಡಿದೆ.

ಅಮ್ಮ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಖುಷಿಯಾಗಿದ್ದಳು. ಗಂಗೆಯ ನೀರು ತುಂಬಿದ ತಾಮ್ರದ ಥಾಲಿಯನ್ನು ದೇವರ ಮುಂದಿಟ್ಟು, ನಮ್ಮೆಲ್ಲರ ಕೈಗೂ ಕಪ್ಪು ದಾರ ಕಟ್ಟಿ, ಕಾಫಿ ಕೇಳಿದಳು. ಕಾಫಿಯ ಜೊತೆ ಎರಡು ಬಿಸ್ಕತ್ತು ತಟ್ಟೆಯಲ್ಲಿಟ್ಟು ಕೊಟ್ಟೆ. ಅಮ್ಮ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದನ್ನೇ ಬಿಟ್ಟು ಬಂದ್ಬಿಟ್ಟೆ ಕಣೆ" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸಿಟ್ಟು ಬಂತು, ಅಳು ಬಂತು. ಯಾಕಮ್ಮಾ, ಬೇರೇನೂ ಸಿಗಲಿಲ್ಲವಾ ಎಂದು ಕೂಗಿಬಿಟ್ಟೆ.

"ನೀನು ಪ್ರತಿ ಸಲ ನನ್ ಮುಖ ನೋಡ್ಕಂಡು ನಿಂತಿರ್ತೀಯ. ಅದಲ್ಲ ಅದಲ್ಲ ಅಂತ ಎಷ್ಟು ಸಲ ಹೇಳ್ಲಿ? ಅದೇ ಅಂತ ಸುಳ್ಳು ಹೇಳಕ್ಕೂ ಬಾಯಿ ಬರಲ್ಲ. ಬಿಟ್ಟು ಬಂದ್ರೆ ದೇವರಿಗೂ ಇಷ್ಟವಾದ್ದು ಕೊಟ್ಟಂಗಾಯ್ತು, ನಿಂಗೂ ಈ ಒದ್ದಾಟ ತಪ್ತದೆ ಅಂದ್ಕಂಡೆ."

ನನಗೊಂದು ಉಪಾಯ ಹೊಳೆಯಿತು. "ಅಮ್ಮ, ನಾನು ಮಾಡಿದ್ದು ಯಾವ್ದೂ ಅದಲ್ಲ ಅಂತ ನೀನೇ ಹೇಳ್ತಿದ್ದೆ. ನೀನು ಬಿಟ್ಟಿರೋದು ಅದನ್ನ. ಇದು ಬೇರೆ, ಇದನ್ನ ತಿನ್ಬೋದು" ಎಂದೆ. ನನ್ನ ಗಂಡ ಸಹ, "ಹೌದು ಅತ್ತೆ, ಪಾಯಿಂಟ್ ಇದೆ" ಎಂದರು.

ಅಮ್ಮನಿಗೆ ವಾದ ಹಿಡಿಸಿತು. ನಕ್ಕಳು. ಒಂದನ್ನು ಎತ್ತಿಕೊಂಡು ಎರಡಾಗಿ ಮುರಿದಳು. ಬೆರಳಿನಿಂದ ಪುಡಿ ಉಜ್ಜಿ ನೋಡಿದಳು, ಮೂಗಿನ ಹತ್ತಿರ ಹಿಡಿದಳು. ಹಾಗೆಯೇ ಹಿಡಿದುಕೊಂಡು ಕೂತಳು. ನಗು ನಿಂತುಹೋಯಿತು, ಕಣ್ಣು ತುಂಬಿಕೊಂಡಿತು. ಮುರಿದ ಎರಡು ತುಂಡನ್ನೂ ಮೆಲ್ಲಗೆ ತಟ್ಟೆಗೆ ಹಾಕಿ, ನನ್ನ ಕಡೆ ಸರಿಸಿದಳು.

"ಇದನ್ನ ತಿನ್ನಕ್ಕಾಗಲ್ಲ" ಎಂದಳು.

ನಾನು ಅಷ್ಟು ಕಾಲ ಕಾದಿದ್ದ ತೀರ್ಪು ಅದೇ. ಒಂದು ತಿಂಗಳು ಮೊದಲು ಆ ಇಟ್ಟಿಗೆ ನನ್ನ ತಲೆಗೆ ಹೊಳೆದಿದ್ದರೆ ಎಂದು ಎಷ್ಟು ಸಲ ಕೈ ಹಿಸುಕಿಕೊಂಡಿದ್ದೇನೋ. ಅಮ್ಮನ ಹತ್ತಿರ ಮತ್ತೆ ಅದರ ಮಾತೆತ್ತಿಲ್ಲ, ಅವಳೂ ಎತ್ತಿಲ್ಲ. ಭಾನುವಾರಗಳು ನಡೆಯುತ್ತಿವೆ. ದೋಸೆ ಗರಿಯಾಗಿಲ್ಲ ಎಂಬ ಜಗಳ ಕೂಡ ನಡೆಯುತ್ತಿದೆ.

ಮನೆಯಲ್ಲಿ ಓವನ್ ಹಚ್ಚಿದರೆ ಅಮ್ಮನಿಗೂ ಏನಾದರೂ ಕೊಡಬೇಕು ಅನ್ನಿಸುತ್ತದೆ. ಆಗ ಅವಳ ಪಾಲಿನದಕ್ಕೆ ಇಟ್ಟಿಗೆಗಳನ್ನು ಆಚೆ ತೆಗೆದಿಟ್ಟು, ರಾಗಿ ಬೆರೆಸಿ, ಬೆಲ್ಲ ಹಾಕಿ, ಉರಿ ಜೋರು ಮಾಡಿ ಬೇಕೆಂದೇ ಕೆಡಿಸಿ ಮಾಡುತ್ತೇನೆ. ಅದನ್ನು ಅಮ್ಮ ಯಾವ ಯೋಚನೆಯೂ ಇಲ್ಲದೆ ಕಾಫಿಗೆ ಅದ್ದಿಕೊಂಡು ತಿನ್ನುತ್ತಾಳೆ. ಇಟ್ಟಿಗೆಯ ಕಾವಿನಲ್ಲಿ ಸರಿಯಾಗಿ ಬಂದದ್ದನ್ನು ಅವಳು ಮಲಗಿದ ಮೇಲೆ ನಾನೊಬ್ಬಳೇ ತಿನ್ನುತ್ತೇನೆ.